ಎರಡು ಸಾವಿರದ ನೂರು ಜನ

ತಮ್ಮಾ ಫಿಂಟನ್,

ಡಬ್ಲಿನ್‌ನಿಂದ ನಾಲ್ಕು ತಾಸು ಬಸ್ಸಲ್ಲಿ ಕೂತು ನಮ್ಮ ತಂಡದ ಫುಟ್‌ಬಾಲ್ ಆಟ ನೋಡೋಕೆ ಬಂದರೆ, ಈ ಊರಿನವರು ನಮ್ಮನ್ನ ಸೂರಿಲ್ಲದ ಮೂಲೆಗೆ ಅಟ್ಟಿ ಮಳೆಯಲ್ಲಿ ನಿಲ್ಲಿಸಿದರು. ಎದುರಿಗೆ ಸೂರಿನಡಿ ಸಾಲು ಸಾಲು ಕುರ್ಚಿ ಖಾಲಿ. ಅಷ್ಟರಲ್ಲಿ ಮೈಕಿನವನು, "ಇವತ್ತು ಬಂದವರು ಎರಡು ಸಾವಿರದ ನೂರು ಜನ!" ಅಂತ ಕೂಗಿದ. ನಾನೇ ತಲೆ ಎಣಿಸಿದೆ, ಆರುನೂರು ದಾಟಲಿಲ್ಲ. ಮೈಯೆಲ್ಲ ಉರಿದುಹೋಯಿತು.

ಗೇಟಿನ ಹೆಂಗಸನ್ನ ಹಿಡಿದು, "ಯಾರ ಕಿವಿಗೆ ಹೂ ಇಡ್ತೀರಮ್ಮಾ?" ಅಂದೆ.

"ವರ್ಷದ ಟಿಕೆಟ್ ತಗೊಂಡವರೆಲ್ಲ ಬಂದಂಗೇ ಲೆಕ್ಕ ಕಣಕ್ಕಾ. ಮನೇಲಿ ಟೀವಿ ಮುಂದೆ ಬಿದ್ಕೊಂಡಿದ್ರೂ ಅಷ್ಟೇ. ನಿಮ್ಮೂರಲ್ಲೇನು ಬೇರೇನಾ?" ಅಂದಳು.

ನಿನ್ನ ಹುಟ್ಟುಹಬ್ಬಕ್ಕೆ ನಮ್ಮ ತಂಡದ ವರ್ಷದ ಟಿಕೆಟ್ ಕೊಡಿಸಿದವಳು ನಾನೇ. ನೀನು ಇಂಗ್ಲೆಂಡಿನ ಯಾವುದೋ ಕ್ಲಬ್ಬಿನ ಅಂಗಿ ತೊಟ್ಟು, ಟೀವಿಯಲ್ಲಿ ಅವರ ಆಟ ನೋಡ್ತಾ ಸೋಫಾ ಬಿಟ್ಟು ಏಳಲಿಲ್ಲ.

ಸೋತ್ವಿ, ಅದು ಬೇರೆ. ಕೂಗಿ ಕೂಗಿ ಗಂಟಲು ಕೂತಿದೆ, ಕಾಲುಚೀಲ ಇನ್ನೂ ಒಣಗಿಲ್ಲ. ನಾಳೆ ಬಂದು ಎದುರಿಗೆ ಹೇಳಿದರೆ ಜಗಳವಾಗುತ್ತೆ, ಅದಕ್ಕೇ ಈ ಕಾರ್ಡು. ಆ ಹೆಂಗಸಿನ ಲೆಕ್ಕದಲ್ಲಿ ಈ ವರ್ಷ ನಮ್ಮ ಮೈದಾನದಲ್ಲಿ ನೀನು ಒಂದು ಆಟವನ್ನೂ ತಪ್ಪಿಸಿಲ್ಲವಂತೆ ಕಣೋ. ನನ್ನ ಪಕ್ಕದ ಖಾಲಿ ಕುರ್ಚಿಯೇ ಸುಳ್ಳು ಹೇಳುತ್ತಿರಬೇಕು.

ನಿನ್ನ ಅಕ್ಕ,
ಗ್ರಾನ್ಯ