ನಿನ್ನಣ್ಣನ ತೂಕ

ಫಾಲ್ ರಿವರ್,
ಭಾನುವಾರ

ಪ್ರೀತಿಯ ನಾದಿನಿ ನತಾಲಿಯಾ,

ನಿಮ್ಮ ದ್ವೀಪಕ್ಕೆ ಹೊರಡಲು ಇನ್ನೂ ಎರಡು ವಾರವಿದೆ, ಮನೆ ಮಾತ್ರ ಈಗಲೇ ಸಂತೆಯಾಗಿದೆ. ಅಲ್ಲಿ ಏನೂ ಸಿಗುವುದಿಲ್ಲವೆಂಬಂತೆ ನಿನ್ನಮ್ಮ ಟವೆಲ್ಲು, ಸೋಪು, ಕಾಫಿಪುಡಿ ತುಂಬುತ್ತಲೇ ಇದ್ದಾರೆ.

ನಿನ್ನೆ ಸೂಟ್‌ಕೇಸು ತೂಗಿದೆವು. ನಿನ್ನಣ್ಣ ಅಮಾರು ಅದನ್ನು ಹಿಡಿದುಕೊಂಡು ತೂಕದ ಯಂತ್ರದ ಮೇಲೆ ನಿಂತ. ಒಟ್ಟು ತೂಕದಿಂದ ಕಳೆಯಲು ಅವನೊಬ್ಬನ ತೂಕವೂ ಬೇಕಲ್ಲ, ಆದರೆ ಬರಿಗೈಯಲ್ಲಿ ನಿಲ್ಲಲು ಅವನು ಒಪ್ಪಲಿಲ್ಲ.

“ನನ್ ತೂಕ ನಂಗೊತ್ತು, ಬರ್ಕೋ,” ಎಂದು ಒಂದು ಅಂಕಿ ಹೇಳಿದ.

ಆ ಲೆಕ್ಕಕ್ಕೆ ಸೂಟ್‌ಕೇಸು ಎಮ್ಮೆಕರುವಿನಷ್ಟು ಭಾರ ಬಂತು. ನಿನ್ನಮ್ಮ ಗೊಣಗುತ್ತ ಎಲ್ಲವನ್ನೂ ಹೊರತೆಗೆದರು. ಖಾಲಿ ಸೂಟ್‌ಕೇಸು ಹಿಡಿದು ಅವನು ಮತ್ತೆ ನಿಂತಾಗಲೂ ಲೆಕ್ಕದಲ್ಲಿ ಅದು ಭಾರವೇ.

“ಒಳಗೇನೂ ಇಲ್ಲ ಕಣೋ. ಇನ್ನು ತೆಗಿಯೋಕೆ ಉಳಿದಿರೋನು ನೀನೊಬ್ನೇ,” ಎಂದರು.

ಚಳಿಗಾಲವಿಡೀ ಇಳಿಸಿದೆ, ಇಳಿಸಿದೆ ಎಂದು ಅವನು ಹೇಳುತ್ತಿದ್ದ ತೂಕ ಒಂದಿಷ್ಟೂ ಇಳಿದಿರಲಿಲ್ಲ. ಮಕ್ಕಳು ಬಿದ್ದು ಬಿದ್ದು ನಕ್ಕರು. “ನಾನ್ ಬರಲ್ಲ, ನೀವೇ ಹೋಗಿ,” ಎಂದು ಗ್ಯಾರೇಜಿನಲ್ಲಿ ಹೋಗಿ ಕುಳಿತ. ನಾನೂ ನಗುತ್ತಲೇ ಹಿಂದೆ ಹೋದೆ.

“ತೂಕ ಇಳಿಸ್ದಿದ್ರೆ ಹೃದಯಕ್ಕೆ ಒಳ್ಳೇದಲ್ಲ ಅಂದ್ರು ಡಾಕ್ಟ್ರು. ನೀನು ಹೆದರ್ತೀಯಾಂತ ಇಳಿದಿದೆ ಅಂದ್ಬಿಟ್ಟೆ,” ಎಂದ.

ನನ್ನ ನಗು ಅಲ್ಲೇ ನಿಂತಿತು. ಸಂಜೆ ಇಬ್ಬರೂ ನದಿಯವರೆಗೆ ನಡೆದು ಬಂದೆವು. ಊರಿಗೆ ಬರಲು ಒಪ್ಪಿದ್ದಾನೆ, ಮುಖ ಮಾತ್ರ ಇನ್ನೂ ಗಂಟು.

ಒಂದು ಉಪಕಾರ ಮಾಡು. ಅಡುಗೆಗೆ ಮೀನು, ಸೊಪ್ಪಿನ ಸೂಪು ಸಾಕು. ಸಾಸೇಜು ಕೇಳಿದರೆ ಮೊದಲ ದಿನ ಒಂದೇ ತುಂಡು ಕೊಡು. ಮತ್ತೆ, ವಿಮಾನದಿಂದ ಇಳಿದವನನ್ನು ಕಂಡ ಕೂಡಲೇ ತಬ್ಬಿಕೊಂಡು, “ಅಣ್ಣಾ, ಎಷ್ಟು ಸೊರಗಿದೀಯ,” ಅನ್ನು. ತೋಳು ಸುತ್ತಲೂ ಎಟುಕದಿದ್ದರೂ ಅನ್ನು.

ನಿನ್ನ ಅತ್ತಿಗೆ,
ಇದಲೀನಾ