ವೇಗ ಬರುವ ಮುಂಚೆ

ಚಲುವರಾಜು ಸಾರ್,

ಇವತ್ತು ಕುಮಾರಸ್ವಾಮಿ ಲೇಔಟಿನ ನಾನು ಪಾಠ ಹೇಳುವ ಮಹಡಿ ಕೋಣೆಯಲ್ಲಿ ನನ್ನ ವಿದ್ಯಾರ್ಥಿ ಮೌನೇಶ ಸಿಮ್ಯುಲೇಟರಿನಲ್ಲಿ ಮೊದಲ ಸಲ ಟೇಕಾಫ್ ಮಾಡಿದ. ವೇಗ ಸಾಲದಿರುವಾಗಲೇ ವಿಮಾನದ ಮೂತಿ ಎತ್ತಿದ. ಪರದೆಯ ಮೇಲೆ ಅದು ಸ್ವಲ್ಪ ಎದ್ದು ರನ್‌ವೇ ಮೇಲೆ ಧೊಪ್ಪನೆ ಬಿತ್ತು.

"ಎದ್ದಿತ್ತಲ್ರೀ ಮೇಡಂ!" ಅಂದ.

"ಎಳೆದ್ರೆ ಏಳುತ್ತೆ ಕಣೋ, ಮೇಲೆ ನಿಲ್ಲಲ್ಲ. ವೇಗ ಬರ್ಲಿ, ತಾನೇ ಏಳುತ್ತೆ" ಅಂದೆ.

ಅದು ನಿಮ್ಮ ಮಾತು. ಫ್ಲೈಯಿಂಗ್ ಸ್ಕೂಲಿನಲ್ಲಿ ನಿಮ್ಮ ಕೈಕೆಳಗೆ ಇದ್ದಾಗ ಅದನ್ನು ಕರಪತ್ರದಲ್ಲಿ ಅಚ್ಚು ಹಾಕಿಸಿ ಬನಶಂಕರಿ ಬಸ್ ನಿಲ್ದಾಣದಲ್ಲಿ ಹಂಚಿದವಳು ನಾನು. ಆಕಾಶ ಉಳ್ಳವರ ಸ್ವತ್ತಲ್ಲ ಎಂದು ಕೆಳಗೆ ಸೇರಿಸಿದ್ದೆ. ನೀವು ಓದಿ ತಲೆದೂಗಿದ್ದಿರಿ. ಆಮೇಲೆ ಸ್ಕೂಲಿನ ಮಾಲೀಕರ ಮಗ ಹಾರದೇ ಇದ್ದ ಹತ್ತು ಗಂಟೆಗಳನ್ನು ಹಾರಿದ್ದಾನೆಂದು ಲಾಗ್‌ಬುಕ್ಕಿನಲ್ಲಿ ನೀವೇ ಸಹಿ ಹಾಕಿದಿರಿ. ಕೇಳಿದ್ದಕ್ಕೆ, "ನಿಂಗೆ ಇದೆಲ್ಲ ಅರ್ಥ ಆಗಲ್ಲಮ್ಮ" ಅಂದಿರಿ. ಅರ್ಥ ಆಗಿದ್ದಕ್ಕೇ ಅಲ್ಲವೇ ಸಾರ್, ನಾನು ಕೆಲಸ ಬಿಟ್ಟು ಬಂದದ್ದು?

ನಾಲ್ಕನೇ ಸಲ ಮೌನೇಶ ವೇಗ ಬರುವವರೆಗೆ ಕಾದ. ವಿಮಾನ ಹಗುರಾಗಿ ಎದ್ದು ನೆಟ್ಟಗೆ ಮೇಲೇರಿತು.

"ನಿಮಗ ಇದನ್ನ ಯಾರ ಕಲಿಸಿದ್ರಿ ಮೇಡಂ?"

"ಪುಸ್ತಕ ಓದಿ ಕಲಿತೆ" ಅಂದೆ.

ಅವನು ನಂಬಿದ. ನಿಮ್ಮ ಮಾತನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಅದರ ಕೆಳಗೆ ನನ್ನ ಹೆಸರು ಹಾಕಿದ. ನಾನು ನೋಡಿದೆ, ತಿದ್ದಲಿಲ್ಲ.

ವನಿತಾ