ಕೋಟೆಗಿಂತ ಎತ್ತರದ ಕಾವಲುಗಾರ

ಅಕ್ಕನಿಗೆ ತಂಗಿಯ ನಮಸ್ಕಾರ. ದೇವರು ಚೆನ್ನಾಗಿಟ್ಟಿದ್ದಾನೆ.

ಇವರಿಗೆ ಆಫೀಸಿನಲ್ಲಿ ಕೆಲಸ ಎಂದು ಬರೆದಿದ್ದೆನಲ್ಲ, ಅದು ಸುಳ್ಳಕ್ಕ. ಹಳೆಯ ಚಿತ್ರಗಳನ್ನಿಟ್ಟ ಮ್ಯೂಸಿಯಂನಲ್ಲಿ ಇವರು ವಾಚ್‌ಮನ್. ನಾಚಿಕೆಗೆ ನನ್ನನ್ನೂ ಆ ಕಡೆ ಬರಗೊಡುತ್ತಿರಲಿಲ್ಲ. ಇವತ್ತು ಊಟದ ಡಬ್ಬಿ ಮರೆತು ಹೋದರು, ನಾನೇ ಒಯ್ದೆ. ಒಳಗೆ ಈ ಊರಿನದೇ ಮುನ್ನೂರು ವರ್ಷ ಹಿಂದಿನ ಅಚ್ಚಿನ ಚಿತ್ರವಿದೆ. ಅದರಲ್ಲಿ ದೊಡ್ಡ ಮನುಷ್ಯರೆಲ್ಲ ಇರುವೆಯಷ್ಟು. ಎಲ್ಲರ ಮುಂದೆ, ಕೋಟೆಗಿಂತ ಎತ್ತರಕ್ಕೆ ಒಬ್ಬ ನಿಂತಿದ್ದಾನೆ. ಕೈಯಲ್ಲಿ ಲಾಟೀನು, ಕಾಲ ಬಳಿ ನಾಯಿ. ಊರು ಕಾಯುವ ದೇವರೆಂದು ಕೈಮುಗಿದೆ. ಚಿತ್ರ ವಿವರಿಸುವ ಮೇಡಂ ನಕ್ಕು, "ದೇವರಲ್ಲಮ್ಮ, ನಿಮ್ಮ ಯಜಮಾನರ ಹಾಗೆ ಕಾವಲಿನವನು. ನಮ್ಮದು ಹಾಳೂರಲ್ಲ, ಕಾಯೋರಿದ್ದಾರೆ ಅಂತ ಆಗಿನ ಚಿತ್ರಗಾರರು ಹೆಮ್ಮೆಯಿಂದ ಇವನನ್ನೇ ಮುಂದೆ ನಿಲ್ಲಿಸ್ತಿದ್ರು" ಅಂದರು. ದಿನವೂ ಅದಕ್ಕೆ ಬೆನ್ನು ಹಾಕಿ ನಿಲ್ಲುವ ಇವರು ತಿರುಗಿ ಎಷ್ಟೋ ಹೊತ್ತು ನೋಡಿದರು. "ಅವನಿಗೆ ನಾಯಿನಾದ್ರೂ ಕೊಟ್ಟಿದ್ದಾರೆ, ನನಗೆ ಕುರ್ಚಿನೂ ಇಲ್ಲ" ಅಂದರು. ಇವರ ಬಾಯಲ್ಲಿ ತಮಾಷೆ ಕೇಳಿ ಎಷ್ಟು ತಿಂಗಳಾಗಿತ್ತು. ಎದೆ ಹಗುರಾಯಿತಕ್ಕ.

ಇವರ ಕಾಲಿನ ಊತಕ್ಕೆ ಎಣ್ಣೆ ಇಲ್ಲೇ ಸಿಕ್ಕಿತು, ಕಳಿಸಬೇಡ. ಇಷ್ಟು ದಿನ ಲಕೋಟೆ ಅಂಟಿಸಿ ಕಳಿಸುತ್ತಿದ್ದೆ. "ಈ ಸಲ ಕಾರ್ಡಿನಲ್ಲೇ ಬರಿ, ಅಂಚೆಯವನೂ ಓದ್ಲಿ" ಅಂದವರು ಇವರೇ.

ಜಾಗ ಮುಗಿಯಿತು.
ನಿನ್ನ ತಂಗಿ